ನಾಸ್ತಿಕ, ಅಜ್ಞೇಯವಾದಿ, ಆಸ್ತಿಕ: ಪದಾರ್ಥ ವಿವೇಚನೆ

ಪೊನ್ನಂಪೇಟೆಯ ಸುತ್ತಲಿನ ತೋಟದ ಮನೆಗಳಿಂದ ಓದಲೆಂದು ಬೆಂಗಳೂರಿಗೆ ಹೋದ ಮಗ, ರಜೆಗೆ ಬಂದಾಗ 'ದೇವರಿದ್ದಾನೋ ಇಲ್ಲವೋ ನನಗೆ ತಿಳಿಯದು' ಎಂದರೆ, ಹಿರಿಯರು ಅವನನ್ನು ನಾಸ್ತಿಕನೆಂದು ಕರೆದುಬಿಡುವುದುಂಟು. ಈ ಒಂದು ಮಾತಿನಿಂದ ತಂದೆಮಕ್ಕಳ ನಡುವೆ ಮಾತೇ ನಿಂತುಹೋಗಬಹುದು. ಆದಕಾರಣ ಈ ಪದಗಳನ್ನು ಬಿಡಿಸಿ ನೋಡುವುದು ಅಗತ್ಯವೆಂದು ಭಾವಿಸುತ್ತೇವೆ.

ದೇವರಿದ್ದಾನೆಂದು ನಂಬಿದವನು ಆಸ್ತಿಕ. ಇಲ್ಲವೆಂದು ನಿಶ್ಚಯಿಸಿದವನು ನಾಸ್ತಿಕ. ಎ. ಎನ್. ಮೂರ್ತಿರಾಯರ 'ದೇವರು' (1991) ಕೃತಿಯು ಎರಡನೆಯ ನಿಲುವನ್ನು ಕನ್ನಡದಲ್ಲಿ ವಿಚಾರಪೂರ್ವಕವಾಗಿ ಮಂಡಿಸಿದೆ. ಭಕ್ತರಾದವರೂ ಅದನ್ನು ಓದಿದರೆ ನಷ್ಟವೇನಿಲ್ಲ. ಸಾಕ್ಷ್ಯವಿಲ್ಲದೆ ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳಲಾರೆನೆಂಬವನು ಅಜ್ಞೇಯವಾದಿ. ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್ಲಿ ತನ್ನ ಇಂಥ ನಿಲುವಿಗೆ 1869ರಲ್ಲಿ 'ಅಗ್ನಾಸ್ಟಿಕ್' ಎಂಬ ಹೆಸರನ್ನು ರೂಪಿಸಿದನು. ಮೇಲೆ ಹೇಳಿದ ಮಗನಿಗೆ ಒಪ್ಪುವ ಹೆಸರು ಇದೇ.

ನಮ್ಮ ನಾಡಿನ ಹಳೆಯ ದರ್ಶನಶಾಸ್ತ್ರಗಳಲ್ಲಿ ಮಾತ್ರ ಅಳತೆಗೋಲು ಬೇರೆಯಾಗಿತ್ತು. ಅಲ್ಲಿ ವೇದಪ್ರಾಮಾಣ್ಯವನ್ನು ಒಪ್ಪದವನೇ ನಾಸ್ತಿಕ. ಚಾರ್ವಾಕರ ಜೊತೆಗೆ ಬೌದ್ಧರೂ ಜೈನರೂ ಆ ಪಟ್ಟಿಗೆ ಸೇರಿದರು. ಜಗತ್ತಿಗೆ ಕರ್ತನಾದ ಈಶ್ವರನನ್ನು ಒಪ್ಪದ ಸಾಂಖ್ಯರೂ ಪೂರ್ವಮೀಮಾಂಸಕರೂ ಆಸ್ತಿಕರೆನಿಸಿಕೊಂಡರು! ಈ ಅಳತೆಯನ್ನೇ ಹಿಡಿದರೆ, ವೇದವನ್ನು ಕೊನೆಯ ಪ್ರಮಾಣವೆಂದೊಪ್ಪದೆ ಅನುಭಾವವನ್ನು ಮುಂದಿಟ್ಟ ಹನ್ನೆರಡನೆಯ ಶತಮಾನದ ಬಸವಾದಿ ಶರಣರನ್ನೂ ನಾಸ್ತಿಕರೆನ್ನಬೇಕಾದೀತು. ಅವರಾದರೋ ಏಕದೇವನಿಷ್ಠರು, ಸ್ಥಾವರವನ್ನು ಬಿಟ್ಟು ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದವರು. ಅಲ್ಲಮಪ್ರಭುಗಳು ಆ ಕುರುಹನ್ನೂ ದಾಟಿ ಬಯಲನ್ನು ಕುರಿತು ನುಡಿದರು. ಆಕಾರಕ್ಕೆ ಸಿಲುಕದ ದೇವರನ್ನು ಹೇಳಿದವರನ್ನು ಈ ಹೆಸರುಗಳಲ್ಲಿ ಕಟ್ಟಿಹಾಕುವುದು ಕಷ್ಟ.

ಸಂಶಯವು ನಾಸ್ತಿಕತೆಯಲ್ಲವೆಂಬುದಕ್ಕೆ ನಿದರ್ಶನವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಪೊನ್ನಂಪೇಟೆಯಲ್ಲಿ 1927ರಿಂದಲೂ ಶ್ರೀ ರಾಮಕೃಷ್ಣ ಶಾರದಾಶ್ರಮವಿದೆ. ಆ ಆಶ್ರಮದ ಪರಂಪರೆಯನ್ನು ಕಟ್ಟಿದ ವಿವೇಕಾನಂದರು, ನರೇಂದ್ರನಾಗಿದ್ದಾಗ, ಪಾಶ್ಚಾತ್ಯ ತತ್ತ್ವಶಾಸ್ತ್ರವನ್ನೋದಿ ಸಂಶಯಗ್ರಸ್ತನಾದ ಕಾಲೇಜು ವಿದ್ಯಾರ್ಥಿ. ಹಿರಿಯರನ್ನು ಕಂಡಲ್ಲಿ, ದೇವರನ್ನು ನೋಡಿದ್ದೀರಾ ಎಂದು ಕೇಳುತ್ತಿದ್ದನು. ಶ್ರೀ ರಾಮಕೃಷ್ಣರು ಆ ಪ್ರಶ್ನೆಗೆ ಸಿಡುಕಲಿಲ್ಲ, ಕಂಡಿದ್ದೇನೆಂದು ನೇರವಾಗಿ ಉತ್ತರಿಸಿದರು. ಆಮೇಲೂ ನರೇಂದ್ರನು ಹಲವು ಕಾಲ ಅವರನ್ನು ಪರೀಕ್ಷಿಸುತ್ತಲೇ ಇದ್ದನು. ಗುರುಗಳು ಅದನ್ನೂ ಸಹಿಸಿದರು.

ಇಂಥ ಮಗನು ಲಿಂಗಪೂಜೆಗೆ ಕುಳಿತುಕೊಳ್ಳದಿದ್ದರೆ ಬಲವಂತ ಬೇಡವೆಂಬುದು ನಮ್ಮ ಅಭಿಪ್ರಾಯ. ಅವನ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿರಿ; ಉತ್ತರ ತಿಳಿಯದಿದ್ದಲ್ಲಿ ತಿಳಿಯದೆಂದೇ ಹೇಳಿರಿ. ಊಟಕ್ಕೆ ಜೊತೆಯಲ್ಲಿಯೇ ಕುಳ್ಳಿರಿಸಿಕೊಳ್ಳಿರಿ.