ಮಾನಸಗಂಗೋತ್ರಿ

ಮಾನಸಗಂಗೋತ್ರಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಪಶ್ಚಿಮಕ್ಕಿರುವ, ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಆವರಣ. 1916ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯಕ್ಕೆ ಉನ್ನತ ಅಧ್ಯಯನ, ಸಂಶೋಧನೆಗಳಿಗೆಂದೇ ಇಂಥ ನೆಲೆ ದೊರೆತದ್ದು 1960ರಲ್ಲಿ.

ಇದರ ಹಿಂದಿದ್ದ ಚೇತನ ಕುವೆಂಪು. 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಅವರೇ ಆವರಣಕ್ಕೆ ಹೆಸರಿಟ್ಟರು. ಕವಿಯೊಬ್ಬರ ಕನಸು ಕಟ್ಟಡ, ಪ್ರಯೋಗಾಲಯ, ಗ್ರಂಥಾಲಯಗಳಾಗಿ ಎದ್ದುನಿಂತದ್ದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ಎಲ್ಲವನ್ನೂ ಹೊಸದಾಗಿಯೇ ಕಟ್ಟಲಿಲ್ಲ. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ್ದ ಜಯಲಕ್ಷ್ಮೀವಿಲಾಸ ಅರಮನೆಯೂ ಆವರಣಕ್ಕೆ ಸೇರಿತು. ಮೈಸೂರನ್ನಾಳಿದ ಒಡೆಯರ ಮನೆತನದ ಆ ಅರಮನೆಯ ತೊಟ್ಟಿಗಳ (ಒಳಾಂಗಳಗಳ) ಸುತ್ತ ಮುಂದೆ ತೊಗಲುಬೊಂಬೆ, ಯಕ್ಷಗಾನದ ವೇಷಭೂಷಣ, ಹಳ್ಳಿಯ ಮನೆಬಳಕೆಯ ಸಾಮಾನುಗಳನ್ನು ಜೋಡಿಸಲಾಯಿತು. ಇದೇ ಜಾನಪದ ವಸ್ತುಸಂಗ್ರಹಾಲಯ.

ಕನ್ನಡ ಅಧ್ಯಯನ ಸಂಸ್ಥೆಯೂ ಮಾನಸಗಂಗೋತ್ರಿಯಲ್ಲೇ 1966ರಲ್ಲಿ ಆರಂಭವಾಯಿತು, ವಿದ್ವಾಂಸ ದೇ. ಜವರೇಗೌಡರು ಅದರ ಮೊದಲ ನಿರ್ದೇಶಕರು.