ಓದುಗನಿಗೆ ಗೊತ್ತಿದ್ದ ಮಫ್ತಿ ಪೊಲೀಸ್

ಕಾಮಿಕ್ಸ್ ಎಂದರೆ ಕೈಯಲ್ಲಿ ಬಿಡಿಸಿದ ಚಿತ್ರಗಳು ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ಆದರೆ ನಟರನ್ನು ನಿಲ್ಲಿಸಿ ಫೋಟೊ ತೆಗೆದು, ಅದರ ಮೇಲೆ ಮಾತುಗಳನ್ನು ಅಚ್ಚು ಹಾಕಿ ಕಥೆ ಹೇಳುವ ಕಾಮಿಕ್ಸ್ ಕೂಡ ಇದ್ದವು. ಎರಡನೇ ಮಹಾಯುದ್ಧದ ನಂತರ ಇಟಲಿಯಲ್ಲಿ ಇಂಥ ಪ್ರೇಮಕಥೆಗಳು ಮನೆಮಾತಾಗಿದ್ದವು.

ಬ್ರಿಟನ್ನಿನಲ್ಲಿ ‘ಈಗಲ್’ ಎಂಬ ಮಕ್ಕಳ ವಾರಪತ್ರಿಕೆ 1950ರಲ್ಲಿ ಹುಟ್ಟಿ 1969ರಲ್ಲಿ ನಿಂತುಹೋಗಿತ್ತು. 1982ರ ಮಾರ್ಚ್‌ನಲ್ಲಿ ಅದು ಮತ್ತೆ ಬಂತು. ಈ ಸಲ ಅದರ ಹಲವು ಕಥೆಗಳು ಫೋಟೊಗಳಲ್ಲೇ ಇದ್ದವು. ಅವುಗಳಲ್ಲಿ ಒಂದು ‘ಸಾರ್ಜೆಂಟ್ ಸ್ಟ್ರೀಟ್‌ವೈಸ್’. ಬರೆದವರು ಜೆರ್ರಿ ಫಿನ್ಲೆ-ಡೇ. ನಾಯಕ ಒಬ್ಬ ಮಫ್ತಿ ಪೊಲೀಸ್. ತನ್ನ ಗುರುತು ಮುಚ್ಚಿಟ್ಟು ಕಳ್ಳರ ನಡುವೆ ಸೇರಿಕೊಂಡು ಅವರನ್ನು ಹಿಡಿಯುವುದು ಅವನ ಕೆಲಸ.

ನಿಜವಾದ ಬೀದಿ, ನಿಜವಾದ ಮುಖ. ಫೋಟೊದಲ್ಲಿ ನೋಡಿದ್ದನ್ನು ನಂಬುವುದು ಸುಲಭ. ಆದರೆ ಆ ಕಾಮಿಕ್ಸ್‌ನಲ್ಲಿ ಓದುವ ಹುಡುಗನಿಗೆ ಪೊಲೀಸ್ ಯಾರು ಎಂಬುದು ಮೊದಲೇ ಗೊತ್ತಿರುತ್ತಿತ್ತು. ಮೋಸ ಹೋಗುತ್ತಿದ್ದವರು ಕಳ್ಳರು ಮಾತ್ರ. 1983ರಲ್ಲಿ ಈಗಲ್ ಫೋಟೊ ಕಥೆಗಳನ್ನು ಕೈಬಿಟ್ಟು ಬಿಡಿಸಿದ ಚಿತ್ರಗಳಿಗೇ ಮರಳಿತು.

ಅದೇ ವರ್ಷಗಳಲ್ಲಿ ಲಂಡನ್ನಿನ ಪೊಲೀಸ್ ಇಲಾಖೆಯಲ್ಲಿ ನಿಜವಾದ ಗುಪ್ತ ದಳವೊಂದು ಕೆಲಸ ಮಾಡುತ್ತಿತ್ತು. ವಿಯೆಟ್ನಾಂ ಯುದ್ಧದ ವಿರುದ್ಧ ಜನ ಬೀದಿಗಿಳಿದ 1968ರಲ್ಲಿ ಅದನ್ನು ಕಟ್ಟಲಾಗಿತ್ತು. ಅದು 2008ರವರೆಗೂ ನಡೆಯಿತು. ಅದರವರು ಸೇರಿಕೊಂಡದ್ದು ಕಳ್ಳರ ಗುಂಪಿಗಲ್ಲ, ಹೋರಾಟಗಾರರ ಸಂಘಟನೆಗಳಿಗೆ. ಹಲವರು ತೀರಿಹೋದ ಮಕ್ಕಳ ಹೆಸರುಗಳನ್ನು ತಮ್ಮದಾಗಿಸಿಕೊಂಡರು. ಕೆಲವರು ತಾವು ಪೊಲೀಸರೆಂದು ಹೇಳದೆ ಹೆಂಗಸರೊಂದಿಗೆ ವರ್ಷಗಟ್ಟಲೆ ಸಂಸಾರ ಮಾಡಿದರು. ಆ ಹೆಂಗಸರು ಮಾಡಿದ್ದ ತಪ್ಪಾದರೂ ಏನು?

ಮೋಸ ಹೋದ ಹೆಂಗಸರೇ ಬೆನ್ನುಹತ್ತಿ ಸತ್ಯ ಹೊರಗೆಳೆದರು, ಪತ್ರಕರ್ತರು ಜೊತೆಗೆ ನಿಂತರು. 2015ರಲ್ಲಿ ಲಂಡನ್ ಪೊಲೀಸರು ಏಳು ಮಹಿಳೆಯರ ಕ್ಷಮೆ ಕೇಳಿದರು. ಅದೇ ವರ್ಷ ಸರ್ಕಾರ ಬಹಿರಂಗ ವಿಚಾರಣೆಯನ್ನೂ ಆರಂಭಿಸಿತು.

ಮಫ್ತಿ ಪೊಲೀಸರೇ ಬೇಡ ಎಂದು ನಾವು ಹೇಳುತ್ತಿಲ್ಲ. ಕಳ್ಳರನ್ನು ಹಿಡಿಯಲು ವೇಷ ಬೇಕಾಗಬಹುದು. ಆದರೆ ಸ್ಟ್ರೀಟ್‌ವೈಸ್ ಏನು ಮಾಡುತ್ತಿದ್ದಾನೆ ಎಂಬುದನ್ನು ವಾರವಾರವೂ ಸಾವಿರಾರು ಓದುಗರು ನೋಡುತ್ತಿದ್ದರು. ನಿಜವಾದ ದಳವನ್ನು ಜನರ ಪರವಾಗಿ ನೋಡುವವರು 40 ವರ್ಷ ಯಾರೂ ಇರಲಿಲ್ಲ. ಕೆಟ್ಟದ್ದು ನಡೆದದ್ದು ಅಲ್ಲೇ.