ಪಾಲಾದದ್ದು ಮತ್ತೆ ಕೂಡಿದಾಗ

ಪಾರ್ಟಿಷನ್

ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ‘ಡಿ ಡ್ರೈವ್ ತೆಗೆದು ಸಿ ಡ್ರೈವ್‌ಗೆ ಸೇರಿಸಿ’ ಅನ್ನುವವರೇ ಹೆಚ್ಚು. ಡ್ರೈವ್ ಅಂದರೆ ಇಡೀ ಡಿಸ್ಕು. ಅವರು ಹೇಳುತ್ತಿರುವುದು ಅದರ ಪಾರ್ಟಿಷನ್ನನ್ನು. ಲಿನಕ್ಸ್‌ನಲ್ಲಿ ಈ ಗೊಂದಲ ಕಡಿಮೆ: ‘ಎಸ್‌ಡಿಎ’ ಡಿಸ್ಕು, ‘ಎಸ್‌ಡಿಎ2’ ಅದರೊಳಗಿನ ಎರಡನೇ ಪಾರ್ಟಿಷನ್.

ಮೂಲ ಲ್ಯಾಟಿನ್ನಿನ ‘ಪಾರ್ಸ್’, ಅಂದರೆ ಭಾಗ. ಅದರಿಂದ ‘ಪಾರ್ಟಿಟಿಯೊ’, ಹಂಚಿಕೆ. ಆಮೇಲೆ ಫ್ರೆಂಚ್, ಇಂಗ್ಲಿಷ್. ಪಾರ್ಟಿ, ಪಾರ್ಟ್‌ನರ್, ಪಾರ್ಸೆಲ್ ಎಲ್ಲವೂ ಒಂದೇ ಬಳಗ. ನಮ್ಮ ‘ಪಾಲು’ ಕಿವಿಗೆ ಹತ್ತಿರವೆನಿಸಿದರೂ ನೆಂಟನಲ್ಲ, ಅಚ್ಚ ದ್ರಾವಿಡ. ತೆಲುಗಿನಲ್ಲೂ ‘ಪಾಲು’, ತಮಿಳಿನಲ್ಲಿ ‘ಪಾಲ್’. ಪಹಣಿಯ ‘ಹಿಸ್ಸೆ’ ಅರಬ್ಬಿಯದು. ಅಣ್ಣತಮ್ಮಂದಿರ ಪಾರ್ಟಿಷನ್ ದಾವೆ, ಆಫೀಸಿನ ಪ್ಲೈವುಡ್ ಪಾರ್ಟಿಷನ್ ಎಲ್ಲರಿಗೂ ಗೊತ್ತು. ಡಿಸ್ಕಿನ ಅರ್ಥವನ್ನು ಪಿಸಿ ಬಳಕೆದಾರರಿಗೆ ಮುಟ್ಟಿಸಿದ್ದು 1983ರ ಪಿಸಿ ಡಾಸ್ 2.0 ಜೊತೆ ಬಂದ ‘ಎಫ್‌ಡಿಸ್ಕ್’ ಎಂಬ ತಂತ್ರಾಂಶ.

ಪದದ ಹುಟ್ಟುಗುಣ ಒಡೆಯುವುದು. ಕೂಡಿಸುವುದು ಅದಕ್ಕೆ ಒಗ್ಗದು. ಪಾರ್ಟಿಷನ್ ತಿದ್ದುವ ತಂತ್ರಾಂಶ ಜಿಪಾರ್ಟೆಡ್‌ನಲ್ಲೂ ‘ಒಂದುಗೂಡಿಸು’ ಎಂಬ ಗುಂಡಿ ಇಲ್ಲ. ಒಂದು ಪಾರ್ಟಿಷನ್ನಿನ ಕಡತಗಳನ್ನು ಬೇರೆಡೆ ನಕಲಿಸಿ, ಅದನ್ನು ಅಳಿಸಿ, ಪಕ್ಕದ್ದನ್ನು ಹಿಗ್ಗಿಸಬೇಕು. ಜಮೀನಿನಂತೆಯೇ ಇಲ್ಲೂ ಬದು ತಾಗಿರಬೇಕು. ಖಾಲಿ ಜಾಗ ಬಲಕ್ಕಿದ್ದರೆ ಕೆಲಸ ಸಲೀಸು. ಎಡಕ್ಕಿದ್ದರೆ ದತ್ತಾಂಶವನ್ನೆಲ್ಲ ಸರಿಸಬೇಕು. ಅದಕ್ಕೆ ಗಂಟೆಗಟ್ಟಲೆ ಹಿಡಿದೀತು, ನಡುವೆ ಕರೆಂಟು ಹೋದರೆ ಕಡತಗಳಿಗೇ ಕುತ್ತು. ಲಿನಕ್ಸ್‌ನ ಎಲ್‌ವಿಎಂ (ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್) ಬಳಸಿದವರಿಗೆ ಈ ಬದುವಿನ ಕಾಟವಿಲ್ಲ: ಎಲ್ಲೆಲ್ಲೋ ಇರುವ ತುಂಡುಗಳನ್ನು, ಬೇರೆ ಡಿಸ್ಕಿನವನ್ನೂ, ಅದು ಒಂದೇ ಜಾಗವಾಗಿ ತೋರಿಸುತ್ತದೆ.